ಮರಳಿಗೆ ಅಂಟು, ಮರಿಗೆ ನಂಟು

ಸೈಕಲ್ ಟ್ಯೂಬಿಗೆ ತೇಪೆ ಹಾಕುವವರ ಕೈಕೆಲಸವನ್ನು ನಿಂತು ನೋಡಿದ್ದೀರಾ? ತೂತು ಎಲ್ಲಿದೆಯೆಂದು ಹುಡುಕುವಾಗ ಮಾತ್ರ ಅವರಿಗೆ ನೀರು ಬೇಕು. ಗುಳ್ಳೆ ಏಳುವ ಜಾಗ ಸಿಕ್ಕಿದ ಕೂಡಲೇ ಟ್ಯೂಬನ್ನು ಬೋಗುಣಿಯಿಂದ ಎತ್ತಿ ಬಟ್ಟೆಯಲ್ಲಿ ಒರೆಸುತ್ತಾರೆ. ಅರದಿಂದ ಉಜ್ಜುತ್ತಾರೆ, ಬಾಯಿಂದ ಊದುತ್ತಾರೆ, ಸಲ್ಯೂಷನ್ ಬಳಿದು ಆರಲು ಬಿಡುತ್ತಾರೆ. ಅವಸರ ಮಾಡಿದರೆ ಬೈಸಿಕೊಳ್ಳಬೇಕು. ಒಂದು ಹನಿ ತೇವ ಉಳಿದಿದ್ದರೂ ತೇಪೆ ನಾಳೆಯೇ ಕಿತ್ತು ಬರುತ್ತದೆಂದು ಅವರಿಗೆ ಗೊತ್ತು.

ಬಾತ್‌ರೂಮಿನ ಟೈಲ್ಸ್ ಕೂರಿಸುವ ಮೇಸ್ತ್ರಿಯಿಂದ ಹಿಡಿದು ಮುರಿದ ಮೂಳೆಯ ಚೂರುಗಳನ್ನು ಜೋಡಿಸುವ ಶಸ್ತ್ರವೈದ್ಯರವರೆಗೆ ಎಲ್ಲರಿಗೂ ಇದೇ ತೊಡಕು. ಯಾವುದೇ ಅಂಟು ಹಿಡಿಯಬೇಕಾದರೆ ಅದು ಮೇಲ್ಮೈಯನ್ನು ನೇರವಾಗಿ ಮುಟ್ಟಬೇಕು. ಒದ್ದೆ ವಸ್ತುವಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಮೊದಲೇ ಬಂದು ಕೂತಿರುತ್ತದೆ. ಅಂಟು ಆ ನೀರನ್ನು ಹಿಡಿಯುತ್ತದೆಯೇ ಹೊರತು ವಸ್ತುವನ್ನಲ್ಲ. ಇನ್ನು ಅಂಟನ್ನು ನೀರೊಳಗೇ ಹಾಕಿದರಂತೂ ಅದು ಕರಗಿ ಚದುರಿ ಹೋಗುತ್ತದೆ. ಅಲೆ ಹೊಡೆಯುವ ಕಡಲಿನಲ್ಲಿ, ಉಪ್ಪುನೀರಿನಲ್ಲಿ ಮುಳುಗಿಕೊಂಡೇ ಮರಳಿನ ಕಾಳಿಗೆ ಕಾಳು ಅಂಟಿಸಿ ಗೋಡೆ ಎಬ್ಬಿಸಿ ಎಂದು ಯಾವ ಎಂಜಿನಿಯರಿಗೆ ಹೇಳಿದರೂ ಅವರು ಆಗದೆಂದು ತಲೆಯಾಡಿಸಿಯಾರು.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಎರಡು-ಮೂರು ಇಂಚು ಉದ್ದದ ಒಂದು ಹುಳು ಈ ಕೆಲಸವನ್ನು ದಿನವಿಡೀ ಮಾಡುತ್ತದೆ. ಅಲ್ಲಿನವರು ಅದನ್ನು ಸ್ಯಾಂಡ್‌ಕ್ಯಾಸಲ್ ವರ್ಮ್ ಎನ್ನುತ್ತಾರೆ. ನಾವು ಮರಳುಕೋಟೆ ಹುಳು ಎನ್ನೋಣ. ವಿಜ್ಞಾನದ ಹೆಸರು ಫ್ರಾಗ್ಮಟೊಪೋಮಾ ಕ್ಯಾಲಿಫೋರ್ನಿಕಾ. ಗ್ರೀಕ್ ಭಾಷೆಯಲ್ಲಿ ಫ್ರಾಗ್ಮ ಎಂದರೆ ಬೇಲಿ, ಪೋಮ ಎಂದರೆ ಮುಚ್ಚಳ. ಹೆಸರಿಟ್ಟವರು ಹುಳುವಿನ ಮನೆಯ ಬಾಗಿಲನ್ನು ಚೆನ್ನಾಗಿ ನೋಡಿಯೇ ಇಟ್ಟಿದ್ದಾರೆ.

ನಾನು ಅದನ್ನು ಮೊದಲು ಕಂಡದ್ದು ಕಲ್ಲೆಂದು ತಿಳಿದು ಅದರ ಮೇಲೆ ಕಾಲಿಡಲು ಹೊರಟಾಗ. ತಂಗಿಯ ಮನೆ ಸ್ಯಾನ್ ಹೋಸೆಯಲ್ಲಿ. ಅಲ್ಲಿಂದ ಬೆಟ್ಟ ದಾಟಿದರೆ ಸಾಂಟಾ ಕ್ರೂಜ್‌ನ ಕಡಲು. ನೀರು ಇಳಿದಿತ್ತು, ಬಂಡೆಗಳ ನಡುವೆ ಕಂದು ಬಣ್ಣದ ಉಬ್ಬು ದಿಬ್ಬವೊಂದು ಅಗಲವಾಗಿ ಹರಡಿತ್ತು. ನಿಲ್ಲಲು ಹದವಾದ ಜಾಗ ಎಂದುಕೊಂಡೆ. "ಮಾಮ, ಅಲ್ಲಿ ಬೇಡ, ಅದು ಕಲ್ಲಲ್ಲ, ಒಳಗೆ ಹುಳು ಇದೆ" ಎಂದು ತಂಗಿಯ ಮಗಳು ಕೂಗಿದಳು. ಶಾಲೆಯಿಂದ ಅವರನ್ನು ಅಲ್ಲಿಗೆ ಕರೆತಂದಿದ್ದರಂತೆ. ಬಗ್ಗಿ ನೋಡಿದೆ. ಜೇನುಹುಟ್ಟಿನ ಹಲ್ಲೆಯನ್ನು ಮರಳಿನಲ್ಲಿ ಎರಕ ಹೊಯ್ದಂತೆ ಸಾವಿರಾರು ತೂತುಗಳು. ಒಂದೊಂದೂ ಪೆನ್ಸಿಲ್ಲಿನ ದಪ್ಪ. ಪ್ರತಿ ತೂತಿನ ಒಳಗೆ ಕಪ್ಪು ಬಿರಡೆ.

ಆ ಬಿರಡೆಯೇ ಹುಳುವಿನ ನೆತ್ತಿ. ಗಟ್ಟಿ ಬಿರುಗೂದಲುಗಳು ಸುತ್ತುಸುತ್ತಾಗಿ ಒತ್ತಿ ಜೋಡಿಸಿಕೊಂಡು ಮುಚ್ಚಳವಾಗಿವೆ. ನೀರು ಇಳಿದಾಗ ಹುಳು ಕೊಳವೆಯೊಳಗೆ ಜಾರಿ, ಈ ಮುಚ್ಚಳವನ್ನು ಬಾಗಿಲಿಗೆ ಒತ್ತಿಕೊಂಡು, ಒಳಗಿನ ತೇವ ಆರದಂತೆ ಕಾಯುತ್ತದೆ. ನೀರು ಏರಿದರೆ ಬಾಗಿಲು ತೆರೆದು ನಸುನೇರಳೆ ಬಣ್ಣದ ಎಳೆಗಳನ್ನು ಹೊರಚಾಚುತ್ತದೆ. ನೀರು ಏರಿ ಸಾವಿರಾರು ಬಾಗಿಲು ತೆರೆದಾಗ ಕಂದು ದಿಬ್ಬವೇ ಹೂ ಬಿಟ್ಟ ಹಾಗೆ ಕಾಣುತ್ತದೆ. ಆ ಎಳೆಗಳ ಮೈಮೇಲೆಲ್ಲ ಸದಾ ಬಡಿಯುವ ಸಣ್ಣ ರೋಮಗಳಿವೆ. ಅಲೆ ತರುವ ಸೂಕ್ಷ್ಮ ಜೀವಿಗಳನ್ನೂ ಕೊಳೆತ ಪಾಚಿಯ ಚೂರುಗಳನ್ನೂ ಅವು ಬಾಯಿಯ ಕಡೆ ಸಾಗಿಸುತ್ತವೆ. ಅದೇ ಅಲೆಯೇ ಮರಳನ್ನೂ ತರುತ್ತದೆ. ಹೀಗಾಗಿ ಈ ಹುಳುವಿಗೆ ಶಾಂತವಾದ ನೀರು ಆಗದು. ನೊರೆಯೆದ್ದು ಮರಳು ಕದಡುವ ಜಾಗವೇ ಬೇಕು. ಅನ್ನವೂ ಇಟ್ಟಿಗೆಯೂ ಒಂದೇ ಗಾಡಿಯಲ್ಲಿ ಬರುತ್ತವೆ.

ಈ ಹುಳು ನಮ್ಮ ಎರೆಹುಳುವಿನ ದೂರದ ಬಂಧು. ಎರಡರ ಮೈಯೂ ಬಳೆ ಜೋಡಿಸಿದಂತೆ ವಲಯ ವಲಯ. ಆದರೆ ಎರೆಹುಳು ಮಣ್ಣು ಕೊರೆದು ಸಾಗಿದರೆ ಇದು ಒಂದೇ ಕಡೆ ಬದುಕು ಸವೆಸುತ್ತದೆ. ಕೊಳವೆಗೆ ಇರುವುದು ಒಂದೇ ಬಾಗಿಲು. ಹಾಗಾದರೆ ಮಲವಿಸರ್ಜನೆ ಹೇಗೆ? ಬಾಲದ ತುದಿ ತೆಳು ನಳಿಕೆಯಂತೆ ಮುಂದಕ್ಕೆ ಮಡಚಿಕೊಂಡು, ಹೊಟ್ಟೆಯ ಪಕ್ಕದಲ್ಲೇ ಮೇಲೇರಿ, ಬಾಗಿಲ ಹತ್ತಿರ ಬಂದು ನಿಲ್ಲುತ್ತದೆ. ಬಚ್ಚಲ ಕೊಳಾಯಿಯನ್ನು ಮುಂಬಾಗಿಲಿಗೇ ತಂದು ಬಿಟ್ಟ ವ್ಯವಸ್ಥೆ. ಹೊರಗೆ ಅಲೆ ಇರುವುದರಿಂದ ಗಲೀಜು ನಿಲ್ಲುವುದಿಲ್ಲ.

ಈಗ ಗಾರೆ ಕೆಲಸಕ್ಕೆ ಬರೋಣ. ಎಳೆಗಳು ಹಿಡಿದು ತಂದ ಮರಳಿನ ಕಾಳು ಬಾಯಿಯ ಬಳಿ ಇರುವ ಒಂದು ಪುಟ್ಟ ಅಂಗಕ್ಕೆ ಸಿಗುತ್ತದೆ. ಇಕ್ಕಳದಂತೆ ಎರಡು ತುಟಿಗಳಿರುವ ಆ ಅಂಗ ಕಾಳನ್ನು ಹೊರಳಿಸಿ ತಡವಿ ನೋಡುತ್ತದೆ. ಗಾತ್ರ, ಆಕಾರ ಒಪ್ಪಿಗೆಯಾಗದಿದ್ದರೆ ಎಸೆಯುತ್ತದೆ. ಒಪ್ಪಿಗೆಯಾದರೆ ಕೊಳವೆಯ ಅಂಚಿನಲ್ಲಿ ಅದಕ್ಕೆ ತಕ್ಕ ಸಂದು ಹುಡುಕಿ, ತಾಗುವ ಕಡೆ ಮಾತ್ರ ಎರಡು-ಮೂರು ಚುಕ್ಕೆ ಅಂಟು ಇಡುತ್ತದೆ. ಒಂದೊಂದು ಚುಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಕಾಳಿಗೆಲ್ಲ ಅಂಟು ಮೆತ್ತುವುದಿಲ್ಲ. ಕಲ್ಲುಕಟ್ಟಡದ ನುರಿತ ಕೆಲಸಗಾರ ಸಂದು ಕೂಡಿಸಿ ಕಲ್ಲಿಟ್ಟು ಗಾರೆ ಉಳಿಸುವ ಹಾಗೆ ಇದೂ ಉಳಿಸುತ್ತದೆ. ಅಂಟು ಮೈಯಿಂದಲೇ ಸುರಿಯಬೇಕಾದ ಸಾಮಗ್ರಿ, ಮರಳಾದರೆ ಬಿಟ್ಟಿ. ಕಾಳನ್ನು ಕೂರಿಸಿದ ಮೇಲೆ ಅರ್ಧ ನಿಮಿಷದಷ್ಟು ಹಿಡಿದುಕೊಂಡು, ಅಲುಗಾಡಿಸಿ, ಗಟ್ಟಿಯಾಗಿದೆ ಎನಿಸಿದಾಗ ಬಿಡುತ್ತದೆ. ಆಮೇಲೆ ಮುಂದಿನ ಕಾಳು.

ಆ ಅರ್ಧ ನಿಮಿಷದಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ವಿಜ್ಞಾನಿಗಳಿಗೆ ಹಲವು ದಶಕ ಬೇಕಾಯಿತು. ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೆಬೆಕಾ ಜೆನ್ಸನ್ ಮತ್ತು ಡೇನಿಯಲ್ ಮೋರ್ಸ್ 1988ರಲ್ಲಿ ಈ ಅಂಟಿನಲ್ಲಿ ಡೋಪಾ ಎಂಬ ರಾಸಾಯನಿಕವಿದೆ ಎಂದು ತೋರಿಸಿದರು. 1992ರಲ್ಲಿ ಹರ್ಬರ್ಟ್ ವೇಟ್ ಅವರೊಡನೆ ಸೇರಿ ಅಂಟಿನ ಪ್ರೋಟೀನುಗಳನ್ನು ಬಿಡಿಸಿಟ್ಟರು. ವೇಟ್ ಅದಕ್ಕೆ ಮೊದಲೇ ಇನ್ನೊಂದು ಜೀವಿಯ ಅಂಟಿನಲ್ಲಿ ಇದೇ ಡೋಪಾವನ್ನು ಕಂಡುಹಿಡಿದಿದ್ದವರು. ಆ ಜೀವಿ ನಮ್ಮ ಕರಾವಳಿಯವರು ಪಚ್ಚಿಲೆ ಎಂದು ಕರೆದು ಸುಕ್ಕ ಮಾಡಿ ತಿನ್ನುವ ಚಿಪ್ಪುಜೀವಿಯ ಜಾತಿಯದು. ಪಚ್ಚಿಲೆಯನ್ನು ಬಂಡೆಯಿಂದ ಕೀಳುವಾಗ ಕೈಗೆ ಸಿಗುವ ನಾರಿನ ಜುಟ್ಟು ಇದೆಯಲ್ಲ, ಅದರ ತುದಿಯ ಅಂಟಿನಲ್ಲಿ ಡೋಪಾ ಇದೆ. ಹುಳು ಒಂದು ಕುಲ, ಪಚ್ಚಿಲೆ ಇನ್ನೊಂದು ಕುಲ. ನೀರಿನಲ್ಲಿ ಅಂಟಿಕೊಳ್ಳುವ ಸಮಸ್ಯೆಗೆ ಎರಡೂ ತಮ್ಮ ತಮ್ಮ ದಾರಿಯಲ್ಲಿ ಹೊರಟು ಒಂದೇ ಮದ್ದಿಗೆ ಬಂದು ತಲುಪಿವೆ.

ಡೋಪಾ ನಮಗೆ ಹೊಸದಲ್ಲ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ವೈದ್ಯರು ಕೊಡುವ ಔಷಧ ಇದೇ. ತುರಿಕೆಗೆ ಹೆಸರಾದ ನಸುಗುನ್ನಿ ಬಳ್ಳಿಯ ಬೀಜದಲ್ಲಿ ಇದು ಧಾರಾಳವಾಗಿದೆ. 1937ರಲ್ಲಿ ಅದನ್ನು ಆ ಬೀಜದಿಂದ ಬೇರ್ಪಡಿಸಿ ತೋರಿಸಿದವರು ಮದ್ರಾಸಿನ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ. ಬೇಲಿಯ ಮೇಲಿನ ಬಳ್ಳಿ ಮತ್ತು ಪೆಸಿಫಿಕ್ ಕಡಲಿನ ಹುಳು ಒಂದೇ ಅಣುವನ್ನು ಬೇರೆ ಬೇರೆ ಕೆಲಸಕ್ಕೆ ದುಡಿಸಿಕೊಂಡಿವೆ ಎಂದು ತಿಳಿದಾಗ ನನಗೆ ಆದ ಸಂತೋಷ ಸಣ್ಣದಲ್ಲ.

ಅಂಟಿನ ಮುಂದಿನ ಗುಟ್ಟು ಬಿಡಿಸಿದವರು ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೀವರ್ಟ್. ಯೂಟಾಕ್ಕೆ ಕಡಲೇ ಇಲ್ಲ. ಕ್ಯಾಲಿಫೋರ್ನಿಯಾದಿಂದ ಹುಳುಗಳನ್ನು ತಂದು ಪ್ರಯೋಗಾಲಯದ ಉಪ್ಪುನೀರಿನ ತೊಟ್ಟಿಯಲ್ಲಿ ಸಾಕಿ, ಮರಳಿನ ಬದಲು ಗಾಜಿನ ಸಣ್ಣ ಮಣಿಗಳನ್ನು ಕೊಟ್ಟರು. ಹುಳುಗಳು ಬೇಡವೆನ್ನಲಿಲ್ಲ. ಅರ್ಧ ಮರಳಿನದು, ಅರ್ಧ ಹೊಳೆಯುವ ಮಣಿಯದು ಎಂಬಂಥ ಕೊಳವೆಗಳು ಎದ್ದವು. ಗಾಜಿನ ಮೇಲೆ ಕೂತ ಅಂಟಿನ ಚುಕ್ಕೆಗಳು ಸೂಕ್ಷ್ಮದರ್ಶಕಕ್ಕೆ ನಿಚ್ಚಳವಾಗಿ ಸಿಕ್ಕವು. ಸ್ಟೀವರ್ಟ್, ವೇಟ್ ಮತ್ತವರ ಜೊತೆಗಾರರು 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆ ಚುಕ್ಕೆ ಗಟ್ಟಿ ಉಂಡೆಯಲ್ಲ, ಬ್ರೆಡ್ಡಿನ ಒಳಭಾಗದಂತೆ ಸಣ್ಣ ಸಣ್ಣ ರಂಧ್ರಗಳಿರುವ ಗಟ್ಟಿನೊರೆ ಎಂದು ತೋರಿಸಿದರು.

ಅಂಟು ನೀರಿಗೆ ಬಿದ್ದೂ ಕರಗದಿರುವುದು ಹೇಗೆ? ಅಡುಗೆಮನೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬಂತೇ ಎಂದು ನೋಡಲು ಬಟ್ಟಲ ನೀರಿಗೆ ಒಂದು ಹನಿ ಬಿಡುತ್ತಾರೆ. ಹದ ಬಂದಿದ್ದರೆ ಹನಿ ಚದುರದೆ ತಳದಲ್ಲಿ ಮುದ್ದೆಯಾಗಿ ಕೂರುತ್ತದೆ. ಹುಳುವಿನ ಅಂಟು ನೀರಿನಲ್ಲಿ ನಡೆದುಕೊಳ್ಳುವುದು ಹೆಚ್ಚುಕಡಿಮೆ ಹೀಗೆ, ಕಾರಣ ಬೇರೆ. ಅಂಟಿನಲ್ಲಿ ಎರಡು ಬಗೆಯ ಪ್ರೋಟೀನುಗಳಿವೆ. ಒಂದು ಬಗೆಯವು ಫಾಸ್ಫೇಟ್ ತುಂಬಿಕೊಂಡು ಋಣ ವಿದ್ಯುದಂಶ ಹೊತ್ತಿವೆ, ಇನ್ನೊಂದು ಬಗೆಯವು ಧನ ವಿದ್ಯುದಂಶ ಹೊತ್ತಿವೆ. ಹುಳುವಿನ ಮೈಯಲ್ಲಿ ಇವು ಬೇರೆ ಬೇರೆ ಗ್ರಂಥಿಗಳಲ್ಲಿ ಸಣ್ಣ ಗುಳಿಗೆಗಳಾಗಿ ಶೇಖರವಾಗಿರುತ್ತವೆ. ಹೊರಬರುವಾಗ ಒಂದಾಗುತ್ತವೆ. ವಿರುದ್ಧ ಅಂಶಗಳು ಒಂದನ್ನೊಂದು ಬಿಗಿದಪ್ಪಿಕೊಂಡಾಗ ನೀರಿನೊಡನೆ ಬೆರೆಯುವ ಆಸೆ ಅವಕ್ಕೆ ಉಳಿಯುವುದಿಲ್ಲ. ಹಾಗೆಂದು ಕಲ್ಲಿನಂತೆ ಗಟ್ಟಿಯೂ ಆಗುವುದಿಲ್ಲ. ನೀರಿಗಿಂತ ಭಾರವಾದ, ಮಂದವಾದ ದ್ರವವಾಗಿ ಬೇರೆ ನಿಲ್ಲುತ್ತವೆ. ಮರಳಿನ ಕಾಳಿನ ಮೇಲೆ ಹರಡಲು ಇಂಥ ದ್ರವವೇ ಬೇಕು.

ಗಟ್ಟಿಯಾಗಿಸುವುದು ಕಡಲೇ. ಹುಳುವಿನ ಮೈಯೊಳಗೆ ಅಂಟು ಕಾಫಿ ಡಿಕಾಕ್ಷನ್ನಿನಷ್ಟು ಹುಳಿಯಾಗಿರುತ್ತದೆ. ವಿಜ್ಞಾನದ ಲೆಕ್ಕದಲ್ಲಿ ಪಿಎಚ್ 5ರ ಆಸುಪಾಸು. ಕಡಲನೀರು ಅಡುಗೆಸೋಡಾ ಬೆರೆಸಿದ ನೀರಿನಂತೆ ಸ್ವಲ್ಪ ಕ್ಷಾರ, ಪಿಎಚ್ 8ಕ್ಕಿಂತ ತುಸು ಹೆಚ್ಚು. ಅಂಟು ಹೊರಬಿದ್ದ ಕ್ಷಣ ಈ ಬದಲಾವಣೆ ಅದಕ್ಕೆ ತಟ್ಟುತ್ತದೆ. ಹುಳಿಯಿದ್ದಾಗ ಸಡಿಲವಾಗಿದ್ದ ಫಾಸ್ಫೇಟುಗಳು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಅರ್ಧ ನಿಮಿಷದೊಳಗೆ ಅಂಟು ಬಿಗಿಯುತ್ತದೆ. ಬೆಂಕಿ ಬೇಡ, ಬಿಸಿಲು ಬೇಡ, ಆರಲು ಬಿಡುವ ಮಾತೇ ಇಲ್ಲ. ನಮ್ಮ ಅಂಟಿಗೆ ಶತ್ರುವಾದ ನೀರೇ ಇಲ್ಲಿ ಅಂಟನ್ನು ಹದಗೊಳಿಸುವ ಕೈಯಾಗಿದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಹೋಳು ಕಂದು ತಿರುಗುತ್ತದಲ್ಲ, ಅದೇ ಬಗೆಯ ರಸಾಯನಕ್ರಿಯೆ ಅಂಟಿನಲ್ಲೂ ನಿಧಾನಕ್ಕೆ ಶುರುವಾಗುತ್ತದೆ. ಒಂದು ಕಿಣ್ವದ ನೆರವಿನಿಂದ ಡೋಪಾ ಆಮ್ಲಜನಕದೊಡನೆ ಕೂಡಿ, ಪ್ರೋಟೀನಿನ ಎಳೆಗಳ ನಡುವೆ ಬಿಡಿಸಲಾಗದ ಗಂಟು ಹಾಕುತ್ತದೆ. ಬೆಳ್ಳಗಿದ್ದ ಚುಕ್ಕೆ ಕೆಲವು ಗಂಟೆಗಳಲ್ಲಿ ಕಂದಾಗುತ್ತದೆ. ಹದ ಮಾಡಿದ ಚರ್ಮದಂತೆ ಬಾಗುವ, ಆದರೆ ಹರಿಯದ ಗುಣ ಬರುತ್ತದೆ. ಅಲೆಯ ಹೊಡೆತಕ್ಕೆ ಗಾಜಿನಂತೆ ಗಡುಸಾದದ್ದು ಒಡೆಯುತ್ತದೆ, ಚರ್ಮದಂತೆ ತುಸು ಮಣಿಯುವುದು ಉಳಿಯುತ್ತದೆ. ದಿಬ್ಬಕ್ಕೆ ಆ ಕಂದು ಬಣ್ಣ ಬಂದದ್ದರಲ್ಲಿ ಈ ಅಂಟಿನ ಪಾಲೂ ಇದೆ.

ಇದನ್ನು ನೋಡಿ ಸ್ಟೀವರ್ಟ್ ಅವರ ತಂಡ ಕೃತಕ ಅಂಟು ತಯಾರಿಸಿತು. ಅದರಲ್ಲೂ ವಿರುದ್ಧ ವಿದ್ಯುದಂಶದ ಎರಡು ಪಾಲಿಮರ್, ಡೋಪಾವನ್ನು ಹೋಲುವ ಕೊಂಡಿ. 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಸುವಿನ ಒದ್ದೆ ಮೂಳೆಯ ತುಂಡುಗಳನ್ನು ಅದರಿಂದ ಜೋಡಿಸಿ ನೋಡಿದರು. ಅಂಗಡಿಯಲ್ಲಿ ಸಿಗುವ ಸೂಪರ್ ಗ್ಲೂ ಬಗೆಯ ಅಂಟಿನ ಬಲದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಬಲ ಬಂತು. ಒದ್ದೆಯಲ್ಲಿ, ಮೈಗೆ ಹೊಂದುವ ಸಾಮಗ್ರಿಯಲ್ಲಿ ಇಷ್ಟು ಬಂದದ್ದು ದೊಡ್ಡದು. ಮೊಣಕೈ, ಮಣಿಕಟ್ಟಿನಂಥ ಕಡೆ ಮೂಳೆ ಹತ್ತಾರು ಚೂರಾದಾಗ ಪುಟ್ಟ ಚೂರುಗಳಿಗೆ ಸ್ಕ್ರೂ ಹಾಕಲಾಗುವುದಿಲ್ಲ. ಅವನ್ನು ಸ್ವಸ್ಥಾನದಲ್ಲಿ ಹಿಡಿದಿಡುವ ಅಂಟಿಗಾಗಿ ವೈದ್ಯರು ಕಾದಿದ್ದಾರೆ. ಹೊಟ್ಟೆಯಲ್ಲಿರುವ ಶಿಶುವಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಗರ್ಭಚೀಲದ ಪೊರೆಯಲ್ಲಿ ಆಗುವ ತೂತನ್ನು ಮುಚ್ಚಲೂ ಇದೇ ಬಗೆಯ ಅಂಟಿನ ಪ್ರಯೋಗಗಳು ನಡೆದಿವೆ.

ಅಂಟಿನ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಮನುಷ್ಯನಿಗೆ ಏನು ಉಪಯೋಗ ಎಂಬಲ್ಲಿಗೆ ಕಥೆ ಮುಗಿಯಿತು ಎಂಬಂತೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಹುಳುವಿಗೇ ಈ ಅಂಟಿನಿಂದ ಆಗುವ ಇನ್ನೊಂದು ಉಪಯೋಗ.

ಈ ಹುಳುಗಳಲ್ಲಿ ಹೆಣ್ಣು ಬೇರೆ, ಗಂಡು ಬೇರೆ. ಅವು ಒಂದನ್ನೊಂದು ಎಂದೂ ಮುಟ್ಟುವುದಿಲ್ಲ. ಮೊಟ್ಟೆಯನ್ನೂ ವೀರ್ಯವನ್ನೂ ನೀರಿಗೆ ಬಿಡುತ್ತವೆ, ಕೂಡುವುದು ನೀರಿನಲ್ಲೇ. ನೆರೆಮನೆಗಳು ಒತ್ತೊತ್ತಾಗಿ ಇದ್ದರೆ ಮಾತ್ರ ಇದು ನಡೆಯುವ ಕೆಲಸ. ಒಂಟಿ ಮನೆಯ ಹುಳುವಿನ ಮೊಟ್ಟೆ ಕಡಲು ಪಾಲು. ಹುಟ್ಟಿದ ಮರಿ ತಾಯಿಯಂತೆ ಕಾಣುವುದಿಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಉದ್ದನೆಯ ಬಿರುಗೂದಲಿನದು. ಶತ್ರು ಮುಟ್ಟಿದರೆ ಮುಳ್ಳುಹಂದಿಯಂತೆ ಕೂದಲನ್ನು ಹರಡಿಕೊಳ್ಳುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಪ್ರವಾಹ ಕರೆದುಕೊಂಡು ಹೋದ ಕಡೆ ತೇಲುತ್ತದೆ. ಕೊನೆಗೆ ಎಲ್ಲಾದರೂ ಕೂರಲೇಬೇಕು. ಕೂತ ಮೇಲೆ ಜೀವನಪರ್ಯಂತ ಅಲ್ಲೇ. ತಪ್ಪು ಜಾಗ ಹಿಡಿದರೆ ತಿದ್ದಿಕೊಳ್ಳುವ ಅವಕಾಶವಿಲ್ಲ. ಮರಿಗೆ ಸರಿಯಾದ ಜಾಗ ತಿಳಿಯುವುದು ಹೇಗೆ?

ಉತ್ತರ ಮೊದಲು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ, ಇದೇ ವಂಶದ ಇನ್ನೊಂದು ಹುಳುವಿನಿಂದ. ಅದರ ಹೆಸರು ಸಬೆಲ್ಲಾರಿಯಾ ಆಲ್ವಿಯೊಲಾಟಾ. ಜೇನುಹುಟ್ಟಿನಂಥ ಗೂಡು ಕಟ್ಟುವುದರಿಂದ ಅದನ್ನು ಜೇನುಗೂಡು ಹುಳು ಎನ್ನುತ್ತಾರೆ. ಪ್ಲಿಮತ್ ಸಾಗರ ಪ್ರಯೋಗಾಲಯದ ಡಗ್ಲಸ್ ವಿಲ್ಸನ್ ಕಾರ್ನ್‌ವಾಲ್ ತೀರದ ಡಕ್‌ಪೂಲ್ ಎಂಬಲ್ಲಿ 1961ರಿಂದ ವರ್ಷವರ್ಷವೂ ಅದೇ ಬಂಡೆಗಳಿಗೆ ಹೋಗಿ ಅವೇ ಗೂಡುಗಳನ್ನು ನೋಡಿ ಬರೆದಿಟ್ಟರು. ಪ್ರಯೋಗಾಲಯದಲ್ಲಿ ಮರಿಗಳನ್ನು ಸಾಕಿ, ಕೂರಲು ಬಗೆಬಗೆಯ ನೆಲೆ ಕೊಟ್ಟು ನೋಡಿದರು. 1968ರಲ್ಲಿ ಅವರು ಪ್ರಕಟಿಸಿದ ತೀರ್ಮಾನ ಸರಳವಾಗಿದೆ: ತನ್ನ ಜಾತಿಯ ಹುಳುವಿನ ಕೊಳವೆಯ ಅಂಟನ್ನು ಮುಟ್ಟಿದಾಗ ಮರಿ ತೇಲಾಟ ನಿಲ್ಲಿಸಿ, ಕೂದಲು ಉದುರಿಸಿ, ರೂಪ ಬದಲಿಸಿ, ಮನೆ ಕಟ್ಟಲು ತೊಡಗುತ್ತದೆ.

ಕ್ಯಾಲಿಫೋರ್ನಿಯಾದ ಹುಳುವಿನಲ್ಲೂ ಹಾಗೆಯೇ ಎಂದು ಆಮೇಲೆ ತಿಳಿಯಿತು. ಅಂಟಿನ ಯಾವ ಅಂಶ ಮರಿಯನ್ನು ಕರೆಯುತ್ತದೆ ಎಂಬ ಬಗ್ಗೆ ಮಾತ್ರ 1980ರ ದಶಕದಲ್ಲಿ ದೊಡ್ಡ ವಾದವೇ ನಡೆಯಿತು. ಜೋಸೆಫ್ ಪಾಲಿಕ್ ಅದು ಕೊಳವೆಯ ಮರಳಿನಲ್ಲಿರುವ ಕೊಬ್ಬಿನ ಆಮ್ಲಗಳು ಎಂದರು. ಜೆನ್ಸನ್ ಮತ್ತು ಮೋರ್ಸ್ ಅಂಟಿನ ಡೋಪಾವನ್ನೇ ತೋರಿಸಿದರು. ಎರಡು ಕಡೆಯೂ ಒಪ್ಪಿದ ಮಾತು ಒಂದಿದೆ: ಹಿರಿಯರ ಮನೆಯ ಗೋಡೆಯೇ ಮರಿಗೆ ವಿಳಾಸ. ಇಲ್ಲಿ ಅಲೆ ಇದೆ, ಮರಳು ಬರುತ್ತದೆ, ಊಟ ಸಿಗುತ್ತದೆ, ನೆರೆಯವರಿದ್ದಾರೆ, ಬದುಕಿದವರಿದ್ದಾರೆ ಎಂಬುದಕ್ಕೆ ಆ ಗೋಡೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮರಳಿಗೆ ಮರಳನ್ನು ಕೂಡಿಸಿದ ಅಂಟೇ ತಲೆಮಾರಿಗೆ ತಲೆಮಾರನ್ನೂ ಕೂಡಿಸುತ್ತದೆ. ಕನ್ನಡದಲ್ಲಿ ಅಂಟು, ನಂಟು ಎಂಬ ಎರಡು ಮಾತುಗಳು ಜೋಡಿಯಾಗಿಯೇ ಬರುತ್ತವೆ. ಈ ಹುಳುವಿನ ಬದುಕಿನಲ್ಲಿ ಆ ಎರಡೂ ಒಂದೇ ವಸ್ತು.

ಹೀಗೆ ಮನೆಗೆ ಮನೆ ತಾಗಿ, ಕೊಳವೆಯ ಮೇಲೆ ಕೊಳವೆ ಏರಿ ದಿಬ್ಬ ಬೆಳೆಯುತ್ತದೆ. ಆಳೆತ್ತರದ ದಿಬ್ಬಗಳೂ ಉಂಟು. ಹುತ್ತದ ನೆನಪಾಗುವುದು ಸಹಜ. ಗೆದ್ದಲಿನ ಲೋಕದಲ್ಲಿ ರಾಣಿಯಿದೆ, ಕೂಲಿಯಾಳುಗಳಿದ್ದಾರೆ, ಕಾವಲಿನವರಿದ್ದಾರೆ. ಇಲ್ಲಿ ಯಾರೂ ಯಾರಿಗೂ ದುಡಿಯುವುದಿಲ್ಲ. ಪ್ರತಿ ಹುಳು ತನ್ನ ಕೊಳವೆಯನ್ನಷ್ಟೇ ಕಟ್ಟಿಕೊಳ್ಳುತ್ತದೆ. ಗೋಡೆ ಮಾತ್ರ ಹಂಚಿಕೆಯದು, ಅಲೆಯನ್ನು ತಡೆಯುವುದು ಎಲ್ಲರ ಗೋಡೆ ಸೇರಿ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾದಂತೆ ಈ ದಿಬ್ಬದ ಸಂದುಗೊಂದುಗಳಲ್ಲಿ ಏಡಿಗಳು, ಬೇರೆ ಹುಳುಗಳು, ಸಣ್ಣ ಶಂಖಗಳು ಬಂದು ಸೇರುತ್ತವೆ. ಅದರಿಂದ ಕಟ್ಟಿದವರಿಗೆ ಮನೆ ತಪ್ಪುವುದಿಲ್ಲ.

ಈ ಹುಳುವನ್ನು 1889ರಲ್ಲಿ ಮೊದಲು ವಿವರಿಸಿ ಕ್ಯಾಲಿಫೋರ್ನಿಕಾ ಎಂದು ಹೆಸರಿಟ್ಟವರು ಜೆಸ್ಸಿ ವಾಲ್ಟರ್ ಫ್ಯೂಕ್ಸ್. ಹಾರ್ವರ್ಡಿನಲ್ಲಿ ಪ್ರಾಣಿಶಾಸ್ತ್ರ ಓದಿದವರು. ಮರುವರ್ಷವೇ ಅವರ ಬದುಕು ಬೇರೆ ದಾರಿ ಹಿಡಿಯಿತು. 1890ರಲ್ಲಿ ಎಡಿಸನ್ನರ ಫೋನೋಗ್ರಾಫ್ ಹೊತ್ತು ಮೇನ್ ರಾಜ್ಯದ ಪಾಸಮಕ್ವೊಡಿ ಜನರ ಬಳಿ ಹೋಗಿ ಅವರ ಹಾಡು, ಕಥೆಗಳನ್ನು ಮೇಣದ ಉರುಳೆಗಳಲ್ಲಿ ದಾಖಲಿಸಿದರು. ಅಮೆರಿಕದ ಮೂಲನಿವಾಸಿಗಳ ದನಿಯನ್ನು ಅವರಿದ್ದಲ್ಲಿಗೇ ಹೋಗಿ ಯಂತ್ರದಲ್ಲಿ ಹಿಡಿದದ್ದು ಅದೇ ಮೊದಲು. ಮುಂದೆ ಪುರಾತತ್ವಕ್ಕೆ ತಿರುಗಿ, ಕೊಲರಾಡೊದ ಮೇಸಾ ವರ್ಡೆಯಲ್ಲಿ ಬಂಡೆಯ ಪೊಟರೆಯೊಳಗಿನ ಕ್ಲಿಫ್ ಪ್ಯಾಲೆಸ್ ಎಂಬ ಪಾಳುಮನೆಗಳ ಸಮೂಹವನ್ನು ಅಗೆದು ದುರಸ್ತಿ ಮಾಡಿದರು. ಮರಳುಕಲ್ಲು ಮತ್ತು ಮಣ್ಣಿನ ಗಾರೆಯಿಂದ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ನೂರೈವತ್ತರಷ್ಟು ಕೋಣೆಗಳು. ಆ ಕೋಣೆಗಳ ನಡುವೆ ನಿಂತಾಗ ಅವರಿಗೆ ಕ್ಯಾಲಿಫೋರ್ನಿಯಾದ ತೀರದ ಹುಳು ನೆನಪಾಗಿರಬೇಕು ಎಂದುಕೊಳ್ಳುವುದು ನನಗೆ ಇಷ್ಟ.

ಈ ವಂಶದ ಅತಿ ದೊಡ್ಡ ಊರುಗಳಲ್ಲಿ ಒಂದು ಫ್ರಾನ್ಸಿನ ಮೋಂ ಸ್ಯಾಂ ಮಿಶೆಲ್ ಕೊಲ್ಲಿಯಲ್ಲಿದೆ. ಉಬ್ಬರ ಇಳಿತಗಳ ನಡುವೆ ನೀರು 14 ಮೀಟರಿನಷ್ಟು ಏರಿಳಿಯುವ ಆ ಕೊಲ್ಲಿಯಲ್ಲಿ ಜೇನುಗೂಡು ಹುಳುಗಳ ದಿಬ್ಬ ನೂರಾರು ಎಕರೆ ಹಬ್ಬಿದೆ. ಈ ಹುಳುಗಳು ಕಟ್ಟಿದ ಇಷ್ಟು ದೊಡ್ಡ ದಿಬ್ಬ ಯುರೋಪಿನಲ್ಲಿ ಇನ್ನೊಂದಿಲ್ಲ. ಅಲ್ಲೀಗ ಸಾಕಣೆಯ ಸಿಂಪಿಗಳು ತಪ್ಪಿಸಿಕೊಂಡು ಬಂದು ದಿಬ್ಬದ ಮೇಲೆ ಬೆಳೆಯುತ್ತಿವೆ. ಅವನ್ನು ಕೀಳಲು ಬರುವ ಜನ ದಿಬ್ಬವನ್ನೇ ಒಡೆಯುತ್ತಾರೆ. ಅಟ್ಲಾಂಟಿಕ್‌ನ ಆಚೆ ಬದಿ, ಫ್ಲಾರಿಡಾದ ಸ್ಟೂವರ್ಟ್ ಬಳಿ ಬಾತ್‌ಟಬ್ ರೀಫ್ ಎಂಬ ಕಡಲತೀರವಿದೆ. ಮಕ್ಕಳು ಅಂಜದೆ ಈಜುವ ಅಲ್ಲಿನ ತಿಳಿನೀರಿನ ಕೊಳಕ್ಕೆ ಅಲೆಯಿಂದ ಕಾವಲು ನಿಂತಿರುವುದು ಮರಳುಕೋಟೆ ಹುಳುವಿನ ಸೋದರ ಜಾತಿ ಕಟ್ಟಿದ ದಿಬ್ಬ. ಕಡಲು ತಿಂದ ತೀರಕ್ಕೆ ಹೊರಗಿನಿಂದ ಮರಳು ತಂದು ಸುರಿಯುವ ಕಾಮಗಾರಿ ಫ್ಲಾರಿಡಾದಲ್ಲಿ ಈ ದಿಬ್ಬಗಳಿಗೆ ದೊಡ್ಡ ಭಯ. ಹಿಡಿ ಹಿಡಿಯಾಗಿ ಬರುವ ಮರಳು ಹುಳುವಿಗೆ ಇಟ್ಟಿಗೆ, ರಾಶಿಯಾಗಿ ಬಂದರೆ ಗೋರಿ.

ನಮ್ಮಲ್ಲಿ? ಸಬೆಲ್ಲಾರಿಯಾ ವಂಶದ ಹುಳುಗಳು ಭಾರತದ ಕಡಲುಗಳಲ್ಲೂ ಇವೆ. ಫ್ರಾನ್ಸಿನ ಪಿಯೆರ್ ಫೊವೆಲ್ 1953ರಲ್ಲಿ ಅಲಹಾಬಾದಿನಿಂದ ಹೊರಬಂದ ಭಾರತದ ಪ್ರಾಣಿಸಂಕುಲ ಗ್ರಂಥಮಾಲೆಯ ಸಂಪುಟದಲ್ಲಿ ಇಲ್ಲಿನ ಕಡಲ ಬಿರುಗೂದಲು ಹುಳುಗಳನ್ನೆಲ್ಲ ವಿವರಿಸಿದ್ದಾರೆ, ಇವುಗಳಿಗೂ ಅಲ್ಲಿ ಜಾಗವಿದೆ. ನಮ್ಮ ಕರಾವಳಿಯ ಪಚ್ಚಿಲೆಯ ಚಿಪ್ಪಿನ ಮೇಲೆ, ದೋಣಿಯ ತಳದಲ್ಲಿ ಕಾಣುವ ಸುಣ್ಣದ ಬಿಳಿ ಸುರುಳಿಗಳು ಮಾತ್ರ ಬೇರೆ ವಂಶದ ಕೊಳವೆ ಹುಳುವಿನವು. ಅವು ಮರಳು ಆರಿಸುವುದಿಲ್ಲ, ಸುಣ್ಣವನ್ನು ತಾವೇ ಸ್ರವಿಸಿಕೊಳ್ಳುತ್ತವೆ.

ಮತ್ತೆ ಆ ದಿಬ್ಬಕ್ಕೆ. ಹೆಜ್ಜೆಯೊಂದು ಬಿದ್ದರೆ ಮೇಲಿನ ಬಾಗಿಲುಗಳು ಪುಡಿಯಾಗುತ್ತವೆ. ಒಳಗಿನ ಹುಳು ಉಳಿದಿದ್ದರೆ ಅಲೆ ತಂದ ಮರಳು ಆರಿಸಿ ಮತ್ತೆ ಕಟ್ಟುತ್ತದೆ. ಒಂದೆರಡು ಹೆಜ್ಜೆಯ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ದಿನವೂ ನೂರು ಹೆಜ್ಜೆ ಬಿದ್ದರೆ, ಗಾಯ ಬಿರುಕಾಗಿ ಅಲೆ ಅದರೊಳಗೆ ನುಗ್ಗಿದರೆ, ದಿಬ್ಬದ ತುಂಡೇ ಕಿತ್ತು ಹೋಗುತ್ತದೆ. ಆಗ ಹೋಗುವುದು ಅಲ್ಲಿದ್ದ ಹುಳುಗಳಷ್ಟೇ ಅಲ್ಲ, ಎಲ್ಲೋ ತೇಲುತ್ತಿರುವ ಮರಿಗಳಿಗಾಗಿ ಇದ್ದ ವಿಳಾಸವೂ ಹೋಗುತ್ತದೆ. ಕೊಳವೆಯಿಂದ ಹುಳುವನ್ನು ಹೊರತೆಗೆದರೆ ಅದು ಆ ಕ್ಷಣವೇ ತನ್ನೊಳಗಿನ ಮೊಟ್ಟೆಯನ್ನೋ ವೀರ್ಯವನ್ನೋ ನೀರಿಗೆ ಬಿಟ್ಟುಬಿಡುತ್ತದೆ ಎಂದು ಸಾಕಿದವರೆಲ್ಲ ಬಲ್ಲರು. ಮನೆ ಕಳೆದುಕೊಂಡ ಜೀವ ಮಾಡುವ ಮೊದಲ ಕೆಲಸ ಅದು.

ಮಗನನ್ನೋ ಮಗಳನ್ನೋ ನೋಡಲು ಕ್ಯಾಲಿಫೋರ್ನಿಯಾಗೆ ಹೋಗುವ ಅಪ್ಪ-ಅಮ್ಮಂದಿರು ಪ್ರತಿ ಬೇಸಿಗೆಯಲ್ಲೂ ನಮ್ಮ ಊರುಗಳಿಂದ ಸಾಕಷ್ಟು ಜನ ಇದ್ದಾರೆ. ಗೋಲ್ಡನ್ ಗೇಟ್ ಸೇತುವೆಯನ್ನು ಎಲ್ಲರೂ ತೋರಿಸುತ್ತಾರೆ. ಒಂದು ದಿನ ಇದನ್ನೂ ತೋರಿಸಿ ಎಂದು ಕೇಳಿ. ಸಾಂಟಾ ಕ್ರೂಜ್‌ನಿಂದ ದಕ್ಷಿಣಕ್ಕೆ ಸಾಂಟಾ ಬಾರ್ಬರಾ, ಲಾ ಹೋಯಾವರೆಗೆ ಮರಳೂ ಬಂಡೆಯೂ ಕೂಡಿರುವ ತೀರಗಳಲ್ಲಿ ಹುಡುಕಿದರೆ ಸಿಗುತ್ತದೆ. ಬರಿಯ ಬಂಡೆಯ ಮೇಲೆ ನಿಂತು ನೋಡಿ, ತೂತುಗಳಿರುವ ಕಂದು ದಿಬ್ಬದ ಮೇಲೆ ಕಾಲಿಡಬೇಡಿ, ನೆನಪಿಗೆಂದು ತುಂಡು ಮುರಿದು ತರಬೇಡಿ. ಅಲೆಗೆ ಬೆನ್ನು ಮಾಡಬೇಡಿ. ಆ ತೀರದಲ್ಲಿ ಚಳಿಗಾಲದಲ್ಲಿ ನೀರು ತೀರ ಕೆಳಗಿಳಿಯುವುದು ಮಧ್ಯಾಹ್ನದ ಮೇಲೆ, ಬೇಸಿಗೆಯಲ್ಲಿ ಬೆಳಗಿನ ಜಾವ. ಜೂನ್ ತಿಂಗಳಲ್ಲಿ ಹೋಗುವವರು ಇಳಿತದ ಸಮಯ ನೋಡಿಕೊಂಡು, ಅಲಾರಾಂ ಇಟ್ಟು ಮಲಗಿ.